ಜೂನ್ ಒಂದರ ಮುತ್ತು

"ಯಾವ ತಿಂಗಳು ಸಾರ್?" ಎಂದು ಅನ್ನಪೂರ್ಣ ಕೇಳಿದಳು.

ಗಾಜಿನ ಕೌಂಟರಿನ ಆಚೆ ನಿಂತಿದ್ದ ಹಿರಿಯರು ಜೇಬಿನಿಂದ ಆಧಾರ್ ಕಾರ್ಡಿನ ಜೆರಾಕ್ಸ್ ತೆಗೆದು, ಮಡಿಕೆ ಬಿಡಿಸಿ ಮುಂದಿಟ್ಟರು. "ನನಗಲ್ಲಮ್ಮ, ನಮ್ಮನೆಯೋರಿಗೆ. ಹುಟ್ಟಿದ ತಾರೀಕು ಒಂದು, ಆರು, ಐವತ್ತೆಂಟು."

ಅನ್ನಪೂರ್ಣಳಿಗೆ ಸಣ್ಣಗೆ ನಗು ಬಂತು. ಜಯನಗರ ನಾಲ್ಕನೇ ಬ್ಲಾಕಿನ ಈ ಹರಳಿನ ಅಂಗಡಿಯಲ್ಲಿ ಅವಳು ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಐವತ್ತು ದಾಟಿದವರು ಬಂದರೆ ಕಾರ್ಡು ನೋಡುವ ಮೊದಲೇ ಮುತ್ತಿನ ತಟ್ಟೆಗೆ ಅವಳ ಕೈ ಹೋಗುತ್ತಿತ್ತು. ಅವರಲ್ಲಿ ಅರ್ಧಕ್ಕರ್ಧ ಜನ ಜೂನ್ ಒಂದರಂದೇ ಹುಟ್ಟಿದವರು, ಜೂನ್ ತಿಂಗಳ ಜನ್ಮರತ್ನ ಮುತ್ತು.

"ನಗಬೇಡಮ್ಮ, ನಗಬೇಡ" ಎಂದರು ಹಿರಿಯರು, ತಾವೇ ನಗುತ್ತ. "ನಾನು ಶಾಂತವೀರಪ್ಪ ಅಂತ, ಹನುಮಂತನಗರದಲ್ಲಿ ಮನೆ. ಹೆಡ್‌ಮಾಸ್ಟರ್ ಆಗಿ ರಿಟೈರ್ ಆದೋನು. ಆಗೆಲ್ಲ ಮಕ್ಕಳನ್ನ ಶಾಲೆಗೆ ಸೇರ್ಸೋಕೆ ಬಂದೋರಿಗೆ ಹುಟ್ಟಿದ ತಾರೀಕೇ ಗೊತ್ತಿರ್ತಿರ್ಲಿಲ್ಲ. ವಯಸ್ಸು ಸರಿಹೋಗ್ಲಿ ಅಂತ ನಾವೇ ಜೂನ್ ಒಂದು ಅಂತ ಬರ್ಕೊಂಡ್ಬಿಡ್ತಿದ್ವಿ. ನನ್ನ ಪೆನ್ನಲ್ಲೇ ಅದೆಷ್ಟು ಮಕ್ಕಳು ಹುಟ್ಟಿದಾರೋ!"

"ಹಂಗಾದ್ರೆ ಮೇಡಂ ನಿಜವಾಗ್ಲೂ ಹುಟ್ಟಿದ್ದು ಯಾವಾಗ ಸಾರ್?"

"ಯಾವುದೋ ಶ್ರಾವಣ ಅಂತಾಳೆ. ಅವರಮ್ಮನಿಗೂ ಸರಿಯಾಗಿ ನೆನಪಿರಲಿಲ್ಲ. ಇರ್ಲಿ ಬಿಡಿ. ರೇಷನ್ನು, ಬ್ಯಾಂಕು, ವೋಟು ಎಲ್ಲಾ ಜೂನ್ ಒಂದರಲ್ಲೇ ನಡೀತಾ ಇದೆ. ಹರಳೊಂದು ಯಾಕೆ ತಕರಾರು ಮಾಡುತ್ತೆ?"

ಅವರ ಹೆಂಡತಿ ಶಾಂತಾದೇವಿಗೆ ಬಿಪಿ ಇತ್ತು, ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಯಾರೋ ನೆಂಟರು ಮುತ್ತಿನ ಉಂಗುರ ಹಾಕಿಸಿ ಎಂದಿದ್ದರಂತೆ. ಅನ್ನಪೂರ್ಣ ಬೆಳ್ಳಿಯ ಕಟ್ಟಿನ ಒಂದು ಮುತ್ತಿನುಂಗುರ ಆರಿಸಿ, ಕಪ್ಪು ಬಟ್ಟೆಯ ಮೇಲಿಟ್ಟು ತೋರಿಸಿದಳು. ಸೋಮವಾರ ಬೆಳಗ್ಗೆ ಹಸಿ ಹಾಲಿನಲ್ಲಿ ಅದ್ದಿ ಕಿರುಬೆರಳಿಗೆ ಹಾಕಬೇಕು ಎಂದು ಹೇಳಿ, ಡಬ್ಬಿಯೊಳಗೆ ಅಂಗಡಿಯ ಕಾರ್ಡು ಇಟ್ಟಳು. ಶಾಂತವೀರಪ್ಪ ಕನ್ನಡಕ ಸರಿಮಾಡಿಕೊಂಡು ಕಾರ್ಡನ್ನು ಗಟ್ಟಿಯಾಗಿ ಓದಿದರು.

"ಮುತ್ತು ಚಂದ್ರನ ಕೂಸು. ಕಡಲಿನ ತಂಪನ್ನು ಒಡಲಿನಲ್ಲಿಟ್ಟುಕೊಂಡು ಬಂದದ್ದು. ಧರಿಸಿದವರ ರಕ್ತದ ಕಾವನ್ನು ಇಳಿಸಿ, ಒತ್ತಡವನ್ನು ತಾನಾಗಿಯೇ ಹಿಡಿತಕ್ಕೆ ತರುತ್ತದೆ." ಅವರು ತಲೆಯೆತ್ತಿದರು. "ಪರವಾಗಿಲ್ವೇ, ಒಂದು ತಪ್ಪಿಲ್ಲ. ಯಾರು ಬರೆದಿದ್ದು?"

"ನಾನೇ ಸಾರ್."

"ಭೇಷ್. ಈಗಿನ ಕಾಲದಲ್ಲಿ ಇಂಥ ಕನ್ನಡ ಯಾರು ಬರೀತಾರೆ? ಇದು ಕೆಲಸ ಮಾಡುತ್ತಾ?"

"ಖಂಡಿತ ಸಾರ್" ಎಂದಳು ಅನ್ನಪೂರ್ಣ. ದಿನಕ್ಕೆ ಹತ್ತು ಸಲ ಹೇಳುವ ಮಾತು, ಹೇಳಿದಳು.

ಅಂಗಡಿಯ ಮಾಲೀಕರು ಜಯದೇವಪ್ಪ. ಹಣೆಯ ತುಂಬ ವಿಭೂತಿ, ಮೆತ್ತಗಿನ ಮಾತು. ಅವರ ತಂದೆಯ ಕಾಲದಲ್ಲಿ ಜನ ಜಾತಕ ಹಿಡಿದುಕೊಂಡು ಬರುತ್ತಿದ್ದರು. ರಾಶಿ ನೋಡಿ ಹವಳವನ್ನೋ ಪುಷ್ಯರಾಗವನ್ನೋ ಕೊಡುತ್ತಿದ್ದರು. ಈಚೆಗೆ ತಿಂಗಳು ಹೇಳಿ ಕೇಳುವವರು ಹೆಚ್ಚಿದ್ದರು. ಜನವರಿಗೆ ಗಾರ್ನೆಟ್, ಮೇಗೆ ಪಚ್ಚೆ, ಜುಲೈಗೆ ಮಾಣಿಕ್ಯ, ಸೆಪ್ಟೆಂಬರಿಗೆ ನೀಲ. ರಾಶಿಯ ಪಟ್ಟಿ ಒಂದು ಹರಳು ಹೇಳಿದರೆ ತಿಂಗಳ ಪಟ್ಟಿ ಇನ್ನೊಂದು ಹೇಳುತ್ತಿತ್ತು. ಜಯದೇವಪ್ಪ ಎರಡು ಪಟ್ಟಿಗಳನ್ನೂ ಗೋಡೆಗೆ ಹಾಕಿಸಿದ್ದರು. ಕೇಳಿದವರಿಗೆ ಕೇಳಿದ್ದು.

ಈ ಬೇಸಿಗೆಯಲ್ಲಿ ತಿಂಗಳ ಹರಳಿಗೆ ಕಾರ್ಡು ಮಾಡಿಸುವ ಯೋಚನೆ ಬಂದಾಗ ಅವರು, "ನೀವು ಬಿಎ ಓದಿದೀರಲ್ಲ ಅನ್ನಪೂರ್ಣಮ್ಮ, ನೀವೇ ಬರೀರಿ" ಎಂದಿದ್ದರು. ಅವಳು ಇಳಕಲ್ಲಿನ ಕಾಲೇಜಿನಲ್ಲಿ ಕನ್ನಡ ಓದಿದ್ದಳು. ಮದುವೆಯಾಗಿ ಬಿಟಿಎಂ ಲೇಔಟಿಗೆ ಬಂದ ಮೇಲೆ ಕಿರಾಣಿ ಚೀಟಿ ಬಿಟ್ಟರೆ ಏನನ್ನೂ ಬರೆದಿರಲಿಲ್ಲ. ಎರಡು ವಾರ ಬಸ್ಸಿನಲ್ಲಿ ಕೂತು ಯೋಚಿಸಿ ಹನ್ನೆರಡು ಹರಳಿಗೂ ಮೂರು ಮೂರು ವಾಕ್ಯ ಬರೆದಳು. ಅಂಗಡಿಯಲ್ಲಿದ್ದ ಹಳೆಯ ಪುಸ್ತಿಕೆಯಲ್ಲಿ ಮುತ್ತಿನ ಬಗ್ಗೆ 'ಮನಸ್ಸಿಗೆ ತಂಪು' ಎಂದಷ್ಟೇ ಇತ್ತು. ಆದರೆ ಗಿರಾಕಿಗಳು ಕೇಳುತ್ತಿದ್ದದ್ದು ಮನಸ್ಸಿನ ವಿಷಯವಲ್ಲ, ಬಿಪಿ, ಶುಗರ್, ಥೈರಾಯ್ಡ್. ಮನಸ್ಸಿನ ತಂಪನ್ನು ಅವಳು ರಕ್ತಕ್ಕೆ ದಾಟಿಸಿದಳು. ಬರೆಯುವಾಗ ಸುಳ್ಳು ಬರೆಯುತ್ತಿದ್ದೇನೆ ಎನಿಸಿರಲಿಲ್ಲ. ಚೆನ್ನಾಗಿ ಬರೆಯುತ್ತಿದ್ದೇನೆ ಎನಿಸಿತ್ತು.

ಜೂನ್‌ನಲ್ಲಿ, ಶಾಂತವೀರಪ್ಪ ಬಂದುಹೋದ ವಾರವೇ ಅವಳು ಮನೆಗೂ ಒಂದು ಮುತ್ತಿನುಂಗುರ ತೆಗೆದುಕೊಂಡು ಹೋದಳು. ಅತ್ತೆ ರೇಣವ್ವನಿಗೂ ಬಿಪಿ ಇತ್ತು, ಆಧಾರ್ ಕಾರ್ಡಿನಲ್ಲೂ ಜೂನ್ ಒಂದೇ ಇತ್ತು. ಗಂಡ ತೀರಿಕೊಂಡ ಮೇಲೆ ರೇಣವ್ವ ಮಗ ಮೌನೇಶನ ಜೊತೆ ಇರಲು ಬಂದಿದ್ದಳು. ಮೌನೇಶ ಲಿಫ್ಟ್ ರಿಪೇರಿಯ ಕೆಲಸಕ್ಕೆ ಏಳಕ್ಕೇ ಹೊರಡುತ್ತಿದ್ದ. ಅನ್ನಪೂರ್ಣ ಅಡುಗೆ, ಡಬ್ಬಿ, ಬಟ್ಟೆ ಮುಗಿಸಿ ಒಂಬತ್ತೂವರೆಯ ಬಸ್ಸು ಹಿಡಿಯಬೇಕು. ಎರಡನೇ ಕ್ಲಾಸಿನ ಮೊಮ್ಮಗಳು ಶ್ವೇತಾಳನ್ನು ಶಾಲೆಗೆ ಬಿಟ್ಟು ಬರುವುದು, ಮಧ್ಯಾಹ್ನ ಕರೆದುಕೊಂಡು ಬರುವುದು ರೇಣವ್ವನ ಪಾಲಿಗೆ. ಹೋಗಲು ಇಪ್ಪತ್ತು ನಿಮಿಷ, ಬರಲು ಇಪ್ಪತ್ತು.

ರೇಣವ್ವ ಉಂಗುರವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಅವಳ ಬೆರಳಿಗೆ ಇದುವರೆಗೆ ಕಾಲುಂಗುರದ ಬೆಳ್ಳಿ ಬಿಟ್ಟು ಬೇರೆ ಏನೂ ಬಂದಿರಲಿಲ್ಲ.

"ಕಾರ್ಡಿನ್ಯಾಗ ಏನ ಬರದೈತಿ? ಓದು" ಎಂದಳು.

ಅನ್ನಪೂರ್ಣ ಓದಿದಳು. ಗಿರಾಕಿಗಳಿಗೆ ಓದುವ ಹಾಗೆಯೇ, ನಿಲ್ಲಿಸಬೇಕಾದ ಕಡೆ ನಿಲ್ಲಿಸಿ.

"ತಾನಾಗೇ ಹಿಡಿತಕ್ಕ ತರತೈತಿ?"

"ಹೂಂ ಅತ್ತೀ, ತಾನಾಗೇ."

ರೇಣವ್ವ ತಲೆಯಾಡಿಸಿ ಕೈ ಚಾಚಿದಳು. ಅನ್ನಪೂರ್ಣ ಪಕ್ಕದಲ್ಲಿ ಕೂತು, ಕೈ ಹಿಡಿದು ಉಂಗುರ ಹಾಕಿದಳು.

ಜುಲೈ ತಿಂಗಳ ಒಂದು ಗುರುವಾರ, ಹನ್ನೊಂದು ಗಂಟೆಯ ಹೊತ್ತಿಗೆ ಅನ್ನಪೂರ್ಣಳ ಫೋನು ಹೊಡೆದುಕೊಂಡಿತು. ಕೆಳಗಿನ ಮನೆಯ ಓನರ್ ಅಕ್ಕಯಮ್ಮ.

"ಅನ್ನಪೂರ್ಣ, ಗಾಬರಿಯಾಗ್ಬೇಡ. ನಿಮ್ಮತ್ತೆ ಮಾತು ತೊದಲ್ತಾ ಇದೆ. ನೀರು ಹಿಡಿಯೋಕೆ ಬಂದೋರು ಕೊಡ ಕೈಬಿಟ್ಟುಬಿಟ್ರು. ಬಾಯಿ ಒಂದು ಕಡೆ ಎಳ್ಕೊಂಡಂಗಿದೆ. ಆಟೋ ಹತ್ತಿಸ್ಕೊಂಡಿದೀನಿ, ನೀನು ಸೀದಾ ಆಸ್ಪತ್ರೆಗೇ ಬಾ."

ಅನ್ನಪೂರ್ಣ ಆಸ್ಪತ್ರೆ ತಲುಪುವಷ್ಟರಲ್ಲಿ ರೇಣವ್ವನ ಬಾಯಿ ಸರಿಯಾಗಿತ್ತು. ಎಮರ್ಜೆನ್ಸಿಯ ಮಂಚದ ಮೇಲೆ ಕೂತು, ಕೊಡ ಸೊಟ್ಟಗಾಯಿತೇನೋ ಎಂದು ಅಕ್ಕಯಮ್ಮನನ್ನು ವಿಚಾರಿಸುತ್ತಿದ್ದಳು. ಬಿಪಿ ಯಂತ್ರದ ಪರದೆಯ ಮೇಲೆ ಇನ್ನೂರ ಎಂಟು ಎಂದಿತ್ತು. ಸ್ಕ್ಯಾನಿಂಗಿಗೆ ಬರೆದುಕೊಟ್ಟ ಡಾಕ್ಟರು, ಸಣ್ಣ ವಯಸ್ಸಿನ ಹೆಂಗಸು, ಅನ್ನಪೂರ್ಣಳನ್ನು ಪಕ್ಕಕ್ಕೆ ಕರೆದರು.

"ಮೆದುಳಿಗೆ ಹೋಗೋ ರಕ್ತ ಸ್ವಲ್ಪ ಹೊತ್ತು ನಿಂತಿತ್ತು. ಅದೃಷ್ಟಕ್ಕೆ ತಾನೇ ಬಿಟ್ಟುಕೊಂಡಿದೆ. ಇನ್ನೊಂದು ಸಲ ಆದ್ರೆ ಹಿಂಗೇ ಎದ್ದು ಕೂತ್ಕೋತಾರೆ ಅಂತ ನಾನು ಹೇಳಕ್ಕಾಗಲ್ಲ. ಬಿಪಿ ಮಾತ್ರೆ ದಿನಾ ತಗೋತಿದಾರಾ?"

"ತಗೋತಾರೆ ಡಾಕ್ಟ್ರೇ. ಒಂದು ದಿನಾನೂ ಬಿಡಲ್ಲ."

"ಇಲ್ರಿ" ಎಂದಿತು ಮಂಚದ ಮೇಲಿನ ದನಿ. ರೇಣವ್ವ ಬಲಗೈಯ ಕಿರುಬೆರಳು ಎತ್ತಿ ತೋರಿಸಿದಳು. "ಇದನ್ನ ಹಾಕ್ಕೊಂಡಾಗಿಂದ ಗುಳಿಗಿ ಬಿಟ್ಟೇನ್ರಿ."

ಡಾಕ್ಟರು ಗದರಲಿಲ್ಲ. ಹತ್ತಿರ ಹೋಗಿ ಉಂಗುರ ನೋಡಿದರು. "ಇದು ಹಾಕ್ಕೊಂಡ್ರೆ ಮಾತ್ರೆ ಬೇಡ ಅಂತ ಯಾರು ಹೇಳಿದ್ದು ಅಜ್ಜಿ?"

"ನಮ್ಮ ಸೊಸಿ ಬರದಾಳ್ರಿ" ಎಂದಳು ರೇಣವ್ವ. ದನಿಯಲ್ಲಿ ಹೆಮ್ಮೆಯಿತ್ತು. "ಅಚ್ಚ ಹಾಕಿಸ್ಯಾರ. ಭಾಳ ಮಂದಿ ಓದತಾರ."

ಡಾಕ್ಟರು ಅನ್ನಪೂರ್ಣಳ ಕಡೆ ನೋಡಿದರು. ಆಮೇಲೆ ಮುಂದಿನ ಮಂಚಕ್ಕೆ ಹೋದರು.

ಒಂದು ರಾತ್ರಿ ಇರಿಸಿಕೊಂಡು ಮರುದಿನ ಕಳಿಸಿದರು. ಸಂಜೆ ಮೌನೇಶ ಔಷಧಿಯ ಚೀಲವನ್ನು ತಾಯಿಯ ಮುಂದಿಟ್ಟು ಕೂತ. ರೇಣವ್ವ ಚೀಲವನ್ನು ಆಚೆಗೆ ಸರಿಸಿದಳು.

"ಸೂಜಿ ಚುಚ್ಚಿದ್ರು, ಇಳೀತು. ಇನ್ನ ಗುಳಿಗಿ ಯಾಕ?"

"ಯವ್ವಾ, ಬಾಯಿ ವಾರೆ ಆಗಿತ್ತು ನಿಂದು. ನೆನಪೈತಿಲ್ಲ?"

"ಐತಿ. ಆ ಹಿಂದಿನ ಓಣಿ ಮುದುಕಗ ಹಿಂಗ ಆಗಿ ಇನ್ನೂ ಹಾಸಿಗಿ ಹಿಡದಾನ. ನನಗ ಅರ್ಧಾ ತಾಸಿನ್ಯಾಗ ಸರಿ ಆತು. ಯಾಕ ಆತು ಹೇಳು? ಈ ಮುತ್ತ ಇತ್ತು, ಅದಕ್ಕ ಆತು."

ಮೌನೇಶ ಹೆಂಡತಿಯ ಮುಖ ನೋಡಿದ. ಆಮೇಲೆ ಅವನಿಗೆ ಏನೋ ಹೊಳೆದಂತಾಯಿತು. "ಯವ್ವಾ, ನೀ ಜೂನ್‌ದಾಗ ಹುಟ್ಟೇ ಇಲ್ಲ. ಅದು ಸಾಲಿ ಮಾಸ್ತರ ಬರಕೊಂಡ ತಾರೀಖು. ಆ ಮುತ್ತು ನಿಂದಲ್ಲ."

ರೇಣವ್ವ ಒಂದು ಗಳಿಗೆ ಯೋಚಿಸಿದಳು. "ಅದೂ ಖರೆ. ನಾ ಹುಟ್ಟಿದ್ದು ಸುಗ್ಗ್ಯಾಗ. ನಮ್ಮವ್ವ ಕಣದಾಗಿಂದ ಮನಿಗೆ ಬಂದ ಹಡದಳಂತ." ಸೊಸೆಯ ಕಡೆ ತಿರುಗಿದಳು. "ಹಂಗಾರ ಸುಗ್ಗಿ ತಿಂಗಳದ್ದು ಯಾವ ಹರಳ ಐತಿ ನೋಡು ಅನ್ನಪೂರ್ಣಾ. ತಪ್ಪು ಹರಳ ಇದ್ರೂ ಇಷ್ಟು ಕೆಲಸ ಮಾಡೇತಿ. ಖರೇದ್ದು ತಂದ್ರ ಇನ್ನೆಷ್ಟು ಮಾಡೀತು!"

ಮೌನೇಶ ತಲೆಗೆ ಕೈ ಹಚ್ಚಿಕೊಂಡ. ಬೇರೆ ದಿನವಾಗಿದ್ದರೆ ಮೂವರೂ ನಗುತ್ತಿದ್ದರು. ಫೆಬ್ರವರಿಗೆ ಅಮೆಥಿಸ್ಟ್, ಮಾರ್ಚಿಗೆ ಅಕ್ವಾಮರೀನ್ ಎಂದು ಅನ್ನಪೂರ್ಣಳ ಬಾಯಿಗೆ ತಾನಾಗಿ ಬಂತು. ಅವುಗಳ ಕೆಳಗಿನ ವಾಕ್ಯಗಳೂ ಬಂದವು. ಅವಳು ನುಂಗಿಕೊಂಡಳು.

"ಅತ್ತೀ, ಯಾವ ಹರಳಿಗೂ ಬಿಪಿ ಇಳಿಯಂಗಿಲ್ರಿ."

"ಮತ್ತ ನೀನ ಬರದೀಯಲ್ಲ? ನಿನ್ನ ಗಿರಾಕಿಗೆ ಹೌದು, ನನಗ ಅಲ್ಲ ಅಂದ್ರ ಹೆಂಗ?"

"ಗಿರಾಕಿಗೂ ಅಲ್ರಿ." ಅವಳು ಅತ್ತೆಯ ಎದುರು ನೆಲದ ಮೇಲೆ ಕೂತಳು. "ಆ ಸಾಲು ಯಾವ ಪುಸ್ತಕದಾಗೂ ಇಲ್ಲ. ಯಾವ ಡಾಕ್ಟರೂ ಹೇಳಿಲ್ಲ, ಯಾವ ಜೋಯಿಸರೂ ಹೇಳಿಲ್ಲ. ಮಂದಿ ಬಿಪಿ ಬಗ್ಗೆ ಕೇಳ್ತಾರಂತ ನಾನ ಬಸ್ಸಿನ್ಯಾಗ ಕುಂತು ಹೊಂದಿಸಿ ಬರದೆ. ಓದಾಕ ಚಂದ ಇರಲಿ ಅಂತ."

"ಸುಳ್ಳ?"

"ಸುಳ್ಳರಿ."

ರೇಣವ್ವ ಉಂಗುರವನ್ನು ಬೆರಳಿನಲ್ಲೇ ಒಂದು ಸುತ್ತು ತಿರುಗಿಸಿದಳು. "ನನಗರ ಯಾಕ ಓದಿ ಹೇಳಿದಿ?"

"ದಿನಾ ಓದಿ ಓದಿ ನನಗೂ ಖರೇ ಅನ್ನಿಸಿಬಿಟ್ಟಿತ್ರಿ."

"ನನಗ ಖರೇ ಅನ್ನಿಸಿದ್ದು ಬ್ಯಾರೇದ್ದಕ್ಕ" ಎಂದಳು ರೇಣವ್ವ. ಮಗನತ್ತ ನೋಡಿ, "ನೀ ಸ್ವಲ್ಪ ಹೊರಗ ಹೋಗು" ಎಂದಳು. ಮೌನೇಶ ಎದ್ದು ಮೆಟ್ಟಿಲ ಕಡೆಗೆ ಹೋದ ಮೇಲೆ ದನಿ ತಗ್ಗಿಸಿದಳು.

"ಮೇದಾಗ ಗುಳಿಗಿ ಬದಲಿ ಮಾಡಿ ಕೊಟ್ರಲ್ಲ, ಆ ಹೊಸಾ ಗುಳಿಗಿ ತಗೊಂಡ್ರ ಅರ್ಧಾ ತಾಸಿನ್ಯಾಗ ಉಚ್ಚಿಗೆ ಅವಸರ ಆಗತೈತಿ. ತಡಕೊಳ್ಳಾಕ ಆಗಂಗಿಲ್ಲ. ಕೂಸಿನ್ನ ಸಾಲಿಗೆ ಕರಕೊಂಡ ಹೋಗೂ ಹಾದ್ಯಾಗ ಎಲ್ಲಿ ಕುಂದ್ರಲಿ? ಊರಾಗಿದ್ರ ಹೊಲ, ಬೇಲಿ. ಇಲ್ಲಿ ಬರೇ ಗೇಟು, ಕಾರು, ಕ್ಯಾಮರಾ. ಒಂದಿನ ಆಗಲಿಲ್ಲ ಅನ್ನಪೂರ್ಣಾ. ನಿಂತಲ್ಲೇ ಆಗಿಬಿಟ್ಟಿತು. ಕೂಸು ತನ್ನ ನೀರಿನ ಬಾಟ್ಲಿ ನನ್ನ ಸೀರಿ ಮ್ಯಾಲೆ ಸುರುವಿ, 'ಯಾರರ ಕೇಳಿದ್ರ ನಾನ ನೀರ ಚೆಲ್ಲೀನಿ ಅಂತ ಹೇಳೂಣು ಆಯಿ' ಅಂತು. ಏಳು ವರ್ಷದ ಕೂಸು!"

ಅನ್ನಪೂರ್ಣಳಿಗೆ, ಒಂದು ದಿನ ಮಗಳ ಬಾಟಲಿ ಖಾಲಿಯಾಗಿ ಬಂದಿದ್ದಕ್ಕೆ, ಶಾಲೆಯಲ್ಲಿ ನೀರು ಚೆಲ್ಲಾಡಿದೆಯಾ ಎಂದು ಗದರಿದ್ದು ನೆನಪಾಯಿತು. ಮಗು ಹೌದು ಎಂದಿತ್ತು.

"ನಮಗ ಯಾಕ ಹೇಳಲಿಲ್ರಿ?"

"ಯಾರಿಗೆ ಹೇಳಲಿ? ಓಡಿಕೊಂಡ ಹೋಗತೀರಿ, ಓಡಿಕೊಂಡ ಬರತೀರಿ. ಬಂದ ಮ್ಯಾಲೆ 'ಗುಳಿಗಿ ತಗೊಂಡ್ರೇನ್ರಿ' ಅಂತ ಕೇಳಕೋಂತ ಒಳಗ ಹೋಗತಿ. ಹೂಂ ಅಂದ್ರ ಮುಗೀತು. ಅವತ್ತ ಒಂದ ದಿನ ನೀ ನನ್ನ ಹಂತ್ಯಾಕ ಕುಂತು, ಕೈ ಹಿಡದು ಉಂಗುರ ಹಾಕಿ, ಇದು ತಾನಾಗೇ ಇಳಸತೈತಿ ಅಂದಿ. ನನಗ ಬೇಕಾಗಿದ್ದು ಅಷ್ಟ ಇತ್ತು."

ಮರುದಿನ ಶನಿವಾರ. ಅನ್ನಪೂರ್ಣ ಅರ್ಧ ದಿನ ರಜೆ ಹಾಕಿ ಅತ್ತೆಯನ್ನು ಮತ್ತೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಈ ಸಲ ಮಾತಾಡಿದ್ದು ರೇಣವ್ವನೇ. ಡಾಕ್ಟರು ಪೂರ್ತಿ ಕೇಳಿಸಿಕೊಂಡು, ಹಳೆಯ ಚೀಟಿಯಲ್ಲಿ ಒಂದು ಹೆಸರಿಗೆ ಗೆರೆ ಎಳೆದು ಬೇರೆ ಮಾತ್ರೆ ಬರೆದರು. "ಇದರಲ್ಲಿ ಆ ತೊಂದರೆ ಇರಲ್ಲ ಅಜ್ಜಿ. ಆದ್ರೂ ಮೊಮ್ಮಗಳನ್ನ ಬಿಟ್ಟು ಬಂದಮೇಲೇ ತಗೊಳ್ಳಿ. ಇಷ್ಟೇ ಇದ್ದಿದ್ದು ವಿಷಯ" ಎಂದರು. ರೇಣವ್ವ ಅಲ್ಲೇ, ಕುಡಿಯುವ ನೀರಿನ ಕ್ಯಾನಿನ ಹತ್ತಿರ ನಿಂತು ಮೊದಲ ಮಾತ್ರೆ ನುಂಗಿದಳು. ಉಂಗುರ ತೆಗೆಯಲಿಲ್ಲ. "ಇರಲಿ ಬಿಡು, ಚಂದ ಐತಿ" ಎಂದಳು.

ಅತ್ತೆಯನ್ನು ಮನೆಗೆ ಬಿಟ್ಟು ಅನ್ನಪೂರ್ಣ ಅಂಗಡಿಗೆ ಹೋದಾಗ ಒಂದು ಗಂಟೆ. ಜಯದೇವಪ್ಪ ಮನೆಯಿಂದ ತಂದ ಕ್ಯಾರಿಯರ್ ಬಿಚ್ಚುತ್ತಿದ್ದರು. ಊಟಕ್ಕೆ ಮೊದಲು ತೆಗೆದುಕೊಳ್ಳುವ ಶುಗರ್ ಮಾತ್ರೆ ಅಂಗೈಯಲ್ಲಿತ್ತು. ನಡೆದದ್ದನ್ನು ಅವಳು ನಿಂತೇ ಹೇಳಿದಳು. ಅವರು ಊಟ ಪಕ್ಕಕ್ಕಿಟ್ಟು ಕೇಳಿದರು. ನಿಜವಾಗಿಯೂ ಮರುಗಿದರು.

"ಪಾಪ, ಈಗ ಹುಷಾರಾಗಿದಾರಲ್ಲ? ಬೇಕಾದ್ರೆ ಇನ್ನೆರಡು ದಿನ ರಜ ತಗೊಳ್ಳಿ."

"ರಜ ಬೇಡ ಸಾರ್. ಆ ಕಾರ್ಡು ನಿಲ್ಲಿಸ್ಬೇಕು. ಕಾರ್ಡು ಬಂದಮೇಲೆ ಮುತ್ತು ತಗೊಂಡೋರ ನಂಬರ್ ರಿಜಿಸ್ಟ್ರಲ್ಲಿದೆ. ಎಲ್ಲರಿಗೂ ಫೋನ್ ಮಾಡಿ ಹೇಳ್ಬೇಕು."

ಜಯದೇವಪ್ಪ ಎದುರಿನ ಸ್ಟೂಲು ತೋರಿಸಿದರು. "ಕೂತ್ಕೊಳ್ಳಿ ಅನ್ನಪೂರ್ಣಮ್ಮ. ನೋಡಿ, ನಾವು ಮಾತ್ರೆ ಬಿಡಿ ಅಂತ ಎಲ್ಲಾದ್ರೂ ಬರೆದಿದೀವಾ? ಇಲ್ಲ. ಬರೋರು ಭಯ ಇಟ್ಕೊಂಡು ಬರ್ತಾರೆ. ಮಗಳ ಮದುವೆ, ಗಂಡನ ಕೆಲಸ, ಆಪರೇಷನ್ನು. ಒಂದು ಹರಳು ಹಾಕ್ಕೊಂಡ್ರೆ ಸ್ವಲ್ಪ ಧೈರ್ಯ ಬರುತ್ತೆ. ಧೈರ್ಯ ಕೊಡೋದು ತಪ್ಪಾ? ನಮ್ಮಪ್ಪ ನಲವತ್ತು ವರ್ಷ ಅದನ್ನೇ ಮಾಡಿದ್ರು. ಯಾರಿಗೂ ಕೆಟ್ಟದಾಗಿಲ್ಲ."

"ಆಗಿದ್ರೆ ನಮಗೆ ಬಂದು ಹೇಳ್ತಾರಾ ಸಾರ್? ನಮ್ಮತ್ತೆಗೆ ಆಗಿದ್ದು ನನಗೆ ಗೊತ್ತಾಗಿದ್ದು ಅವರು ನಮ್ಮನೇಲಿ ಇರೋದಕ್ಕೆ."

"ಈಗ ಫೋನ್ ಮಾಡಿದ್ರೆ ನಾವೇ ಮೋಸ ಮಾಡಿದ್ವಿ ಅಂತ ಒಪ್ಕೊಂಡಂಗಾಗುತ್ತೆ. ಹೊಸ ಕಾರ್ಡು ಮಾಡಿಸೋಣ, ಅದಕ್ಕೆ ನಾನು ಬೇಡ ಅನ್ನಲ್ಲ. ಫೋನು ಮಾತ್ರ ಬೇಡ."

"ಸಾರ್, ನೀವು ಪುಷ್ಯರಾಗ ಹಾಕಿದೀರಿ. ಅದಕ್ಕೆ ಶುಗರ್ ಕಮ್ಮಿಯಾಗುತ್ತೆ ಅಂತ ಮಾರ್ತೀವಿ. ಒಂದು ದಿನಾನಾದ್ರೂ ಮಾತ್ರೆ ಬಿಟ್ಟಿದೀರಾ?"

ಜಯದೇವಪ್ಪ ಅಂಗೈಯಲ್ಲಿದ್ದ ಮಾತ್ರೆ ನೋಡಿಕೊಂಡರು. "ನಾನು ಹರಳು ಮಾರೋನಮ್ಮ. ನನಗೆ ಗೊತ್ತಿರುತ್ತೆ" ಎಂದುಬಿಟ್ಟರು.

ಆ ಮಾತು ಕೌಂಟರಿನ ಮೇಲೆ ಹಾಗೇ ಉಳಿಯಿತು. ಅವರಿಗೂ ಅದು ಕೇಳಿಸಿರಬೇಕು. ನೀರು ಕುಡಿದು ಮಾತ್ರೆ ನುಂಗಿದರು, ಕ್ಯಾರಿಯರಿನ ಮುಚ್ಚಳ ತಿರುಗಿ ಹಾಕಿದರು.

"ಅಂಗಡಿ ಫೋನಿಂದ ಬೇಡ."

"ನನ್ನ ಫೋನಿಂದ ಮಾಡ್ತೀನಿ ಸಾರ್. ಊಟದ ಟೈಮಲ್ಲಿ."

"ಏನಂತ ಹೇಳ್ತೀರಿ?"

"ಕಾರ್ಡು ಬರೆದೋಳು ನಾನು ಅಂತ. ಆಮೇಲೆ ನಿಮಗೆ ನಾನು ಇಲ್ಲಿ ಬೇಡ ಅನ್ನಿಸಿದ್ರೆ ಸೋಮವಾರ ಹೇಳಿ."

ಜಯದೇವಪ್ಪ ಕ್ಯಾರಿಯರ್ ಎತ್ತಿಕೊಂಡು ಹಿಂದಿನ ಕೋಣೆಗೆ ಹೋದರು. ರಿಜಿಸ್ಟರ್ ಇರುವ ಡ್ರಾಯರಿಗೆ ಬೀಗ ಹಾಕಲಿಲ್ಲ.

ಕಾರ್ಡು ಬಂದಮೇಲೆ ಮುತ್ತು ಕೊಂಡವರು ಹತ್ತೊಂಬತ್ತು ಜನ. ಮೊದಲಿಬ್ಬರು ಫೋನು ಎತ್ತಲಿಲ್ಲ. ಮೂರನೆಯವರು, "ಲೋನ್ ಬೇಡಮ್ಮ, ದಿನಾ ಯಾಕೆ ತಲೆ ತಿಂತೀರಾ" ಎಂದು ಇಟ್ಟುಬಿಟ್ಟರು. ನಾಲ್ಕನೆಯಾಕೆ, "ಕಾರ್ಡಾ? ಯಾವ ಕಾರ್ಡು? ಡಬ್ಬಿ ಜೊತೆ ಎಸೆದುಬಿಟ್ವಲ್ಲ" ಎಂದು ನಕ್ಕರು. ಒಬ್ಬರು ಹಾಗಾದರೆ ದುಡ್ಡು ವಾಪಸ್ ಕೊಡುತ್ತೀರಾ ಎಂದು ಜಗಳಕ್ಕೆ ನಿಂತರು. ಅಂಗಡಿಗೆ ಬನ್ನಿ ಸಾರ್, ಮಾಲೀಕರ ಹತ್ತಿರ ನಾನೇ ಮಾತಾಡುತ್ತೇನೆ ಎಂದಳು. ಪ್ರತಿ ಸಲವೂ ಅದೇ ಎರಡು ಮಾತು: ಬಿಪಿ ಬಗ್ಗೆ ಬರೆದಿರುವುದು ನಿಜವಲ್ಲ, ಮಾತ್ರೆ ಬಿಟ್ಟಿದ್ದರೆ ದಯವಿಟ್ಟು ಇವತ್ತೇ ಡಾಕ್ಟರಿಗೆ ತೋರಿಸಿ.

ಶಾಂತವೀರಪ್ಪ ಎರಡನೇ ರಿಂಗಿಗೇ ಎತ್ತಿದರು. ಎಲ್ಲ ಕೇಳಿ, "ಅಯ್ಯೋ, ನಾನು ಮೇಷ್ಟ್ರಮ್ಮ, ಅಷ್ಟು ಸುಲಭಕ್ಕೆ ಬಿಡ್ತೀನಾ? ಉಂಗುರ ಅವಳ ಖುಷಿಗೆ. ಮಾತ್ರೆ ಬೆಳಗ್ಗೆ ನಾನೇ ಕೈಗೆ ಹಾಕ್ತೀನಿ, ನುಂಗಿದಳಾ ಅಂತ ಬಾಯಿನೂ ತೆಗೆಸಿ ನೋಡ್ತೀನಿ" ಎಂದರು. ಹಿಂದಿನಿಂದ ಹೆಂಗಸಿನ ದನಿ, "ಸ್ಕೂಲ್ ಹುಡುಗೀನಾ ನಾನು?" ಎಂದಿತು. ಅನ್ನಪೂರ್ಣಳ ಎದೆ ಸ್ವಲ್ಪ ಹಗುರಾಯಿತು. ಅವಳು ಹೆಚ್ಚು ಹೆದರಿದ್ದು ಈ ಮನೆಯ ಬಗ್ಗೆಯೇ.

ಹನ್ನೊಂದನೆಯ ಹೆಸರು ಭಾಗ್ಯಜ್ಯೋತಿ, ಶ್ರೀನಗರ. ಅನ್ನಪೂರ್ಣ ಎಷ್ಟು ಯೋಚಿಸಿದರೂ ಮುಖ ನೆನಪಾಗಲಿಲ್ಲ. ಅಕ್ಷರ ತನ್ನದೇ. ತಾನೇ ಮಾರಿದ್ದು, ತಾನೇ ಕಾರ್ಡು ಇಟ್ಟದ್ದು, ಖಂಡಿತ ಎಂದೂ ಹೇಳಿರಬೇಕು.

"ಹಲೋ, ಹೇಳಿ" ಎಂದಿತು ಆ ಕಡೆಯ ದನಿ. ಕುಕ್ಕರ್ ಸೀಟಿಯ ಸದ್ದು ಕೇಳಿಸುತ್ತಿತ್ತು.

ಅನ್ನಪೂರ್ಣ ಹೆಸರು ಹೇಳಿದಳು, ಅಂಗಡಿ ಹೇಳಿದಳು, ಕಾರ್ಡಿನ ವಿಷಯ ಹೇಳಿದಳು. "ಅದು ನಾನೇ ಬರೆದಿದ್ದು ಮೇಡಂ. ಅದರಲ್ಲಿ ಸತ್ಯ ಇಲ್ಲ. ಮುತ್ತಿಗೆ ಬಿಪಿ ಇಳಿಯಲ್ಲ. ಉಂಗುರ ಹಾಕ್ಕೊಂಡೋರು ಮಾತ್ರೆ ತಗೋತಾ ಇದಾರಾ, ಒಂದ್ಸಲ ದಯವಿಟ್ಟು ಕೇಳ್ತೀರಾ?"

ಆ ಕಡೆ ಸ್ಟವ್ ಆರಿಸಿದ ಸದ್ದು ಕೇಳಿಸಿತು.

"ನಮ್ಮಮ್ಮನಿಗೆ ತಗೊಂಡಿದ್ದು" ಎಂದಳು ಭಾಗ್ಯಜ್ಯೋತಿ ನಿಧಾನವಾಗಿ. "ತಗೋತಾರೆ ಅಂತ ಅಂದ್ಕೊಂಡಿದೀನಿ. ಕೇಳಿದ್ರೆ ಹೂಂ ಅಂತಾರೆ."

"ಹೂಂ ಅಂದಿದ್ದಕ್ಕೆ ನಾನೂ ಸುಮ್ಮನಾಗಿದ್ದೆ ಮೇಡಂ" ಎಂದಳು ಅನ್ನಪೂರ್ಣ. "ಒಂದು ನಿಮಿಷ ಪಕ್ಕದಲ್ಲಿ ಕೂತು ಕೇಳಿ."

"ಇರಿ, ಇಡಬೇಡಿ" ಎಂದಳು ಭಾಗ್ಯಜ್ಯೋತಿ. ಫೋನು ಕಟ್ಟೆಯ ಮೇಲೆ ಇಟ್ಟ ಸದ್ದು, ಚಪ್ಪಲಿಯ ಸದ್ದು, ಬಾಗಿಲೊಂದು ತೆರೆದುಕೊಂಡ ಸದ್ದು. ಆಮೇಲೆ ದೂರದಿಂದ, ಗದರಿಕೆ ಇಲ್ಲದ ದನಿ:

"ಅಮ್ಮಾ, ಸ್ವಲ್ಪ ಜರುಗು, ನಾನೂ ಕೂತ್ಕೋತೀನಿ. ನಿನ್ನ ಮಾತ್ರೆ ಡಬ್ಬ ಎಲ್ಲಿಟ್ಟಿದೀಯಾ?"